ಉಳದೆ ಬಿಟ್ಟ ಹುಲ್ಲಿನಿಂದಲೂ ಆದಾಯ
ದಕ್ಷಿಣ ಡಕೋಟಾ ರೈತರ ಹಕ್ಕಿ ಲೆಕ್ಕ

ಹೊಲದಲ್ಲಿ ಹುಲ್ಲು ಎದ್ದು ನಿಂತರೆ ನಮ್ಮಲ್ಲಿ ಸೋಮಾರಿ ಒಕ್ಕಲು ಎನ್ನುತ್ತಾರೆ. ಆದರೆ ಅಮೆರಿಕದ ದಕ್ಷಿಣ ಡಕೋಟಾ ರಾಜ್ಯದಲ್ಲಿ ಬೇಕೆಂದೇ ಹುಲ್ಲು ಬಿಟ್ಟು, ಅದರಿಂದ ಹಣ ಕಾಣುವ ರೈತ ಕುಟುಂಬಗಳಿವೆ. ಹೇಗೆಂದಿರಾ? ಹುಲ್ಲಿದ್ದರೆ ಹಕ್ಕಿ, ಹಕ್ಕಿ ಇದ್ದರೆ ಬೇಟೆಗಾರ.

ಅಲ್ಲಿಯ ಮುಖ್ಯ ಬೇಟೆ ಫೆಸೆಂಟ್. ನಮ್ಮ ನವಿಲು, ಕಾಡುಕೋಳಿಗಳ ಬಳಗದ ಹಕ್ಕಿ. ಹುಂಜಕ್ಕೆ ಕೊರಳಲ್ಲಿ ಬಿಳಿ ಪಟ್ಟೆ, ಉದ್ದ ಬಾಲ. ಹೇಂಟೆಯದು ಮಣ್ಣಿನ ಬಣ್ಣ. ಇದರ ತವರು ಏಷ್ಯಾ. ಚೀನಾದಿಂದ ತಂದ ಹಕ್ಕಿಗಳು 1880ರ ದಶಕದಲ್ಲಿ ಅಮೆರಿಕದ ಓರೆಗಾನ್‌ನಲ್ಲಿ ನೆಲೆ ನಿಂತವು. ದಕ್ಷಿಣ ಡಕೋಟಾದಲ್ಲಿ ಮೊದಲ ಬೇಟೆಗೆ ಅನುಮತಿ ಸಿಕ್ಕಿದ್ದು 1919ರಲ್ಲಿ, ಒಂದೇ ಒಂದು ದಿನಕ್ಕೆ. 1943ರಲ್ಲಿ ಇದೇ ರಾಜ್ಯಪಕ್ಷಿಯಾಯಿತು.

ಮನೆ ಮಂದಿಯ ಕಸುಬು

ಅಕ್ಟೋಬರ್‌ನಲ್ಲಿ ಹಂಗಾಮು ಶುರು. ಜಮೀನಿನ ಮನೆಯಲ್ಲೇ ಬೇಟೆಗಾರರಿಗೆ ಊಟ, ವಸತಿ. ಮನೆಯವರಲ್ಲೊಬ್ಬರು ನಾಯಿಗಳೊಂದಿಗೆ ಮುಂದಾಳಾಗಿ ನಡೆಯುತ್ತಾರೆ. ಫೆಸೆಂಟ್ ಹಾರುವುದಕ್ಕಿಂತ ಓಡಿ ತಪ್ಪಿಸಿಕೊಳ್ಳುವ ಹಕ್ಕಿ. ಆದ್ದರಿಂದ ಕೆಲವರು ಜೋಳದ ಸಾಲಿನ ಆಚೆ ತುದಿಯಲ್ಲಿ ಕಾದು ನಿಲ್ಲುತ್ತಾರೆ, ಉಳಿದವರು ಈಚೆಯಿಂದ ಸಾಲುಗಟ್ಟಿ ಬರುತ್ತಾರೆ. ಹುಂಜವನ್ನು ಮಾತ್ರ ಹೊಡೆಯಬೇಕು. ದಿನಕ್ಕೆ ಒಬ್ಬರಿಗೆ ಮೂರು. ಒಂದು ಹುಂಜ ಹಲವು ಹೇಂಟೆಗಳಿಗೆ ಸಾಕಾಗುವುದರಿಂದ ಸಂತತಿಗೆ ಧಕ್ಕೆಯಿಲ್ಲ.

ಕಾಡುಬಾತಿನ ಬೇಟೆ ಬೇರೆ ಬಗೆಯದು. ಬೆಳಗಾಗುವ ಮುನ್ನವೇ ಜೌಗು ಕುಂಟೆಯಲ್ಲಿ ಬಾತುಗೊಂಬೆಗಳನ್ನು ತೇಲಿಬಿಟ್ಟು ಜೊಂಡಿನ ಮರೆಯಲ್ಲಿ ಕೂರಬೇಕು. ನೀರಿಗೆ ಬಿದ್ದ ಸೀಸದ ಗುಂಡು ತಿಂದು ಬಾತುಗಳು ಸಾಯುತ್ತಿದ್ದುದರಿಂದ 1991ರಿಂದ ಇಡೀ ದೇಶದಲ್ಲಿ ಈ ಬೇಟೆಗೆ ಸೀಸದ ಗುಂಡು ನಿಷಿದ್ಧ.

ಉತ್ತರೆ ನಷ್ಟ

ಹೇಂಟೆ ನೆಲದ ಮೇಲೆ, ಹುಲ್ಲಿನ ಮರೆಯಲ್ಲಿ ಮೊಟ್ಟೆಯಿಡುತ್ತದೆ. ಮರಿಗಳಿಗೆ ಮೊದಲ ವಾರಗಳಲ್ಲಿ ಹುಳುಗಳೇ ಆಹಾರ. ಹಿಮಗಾಲದಲ್ಲಿ ಕುಂಟೆಯ ಜೊಂಡೇ ಆಸರೆ. ಹುಲ್ಲು ಉತ್ತು, ಕುಂಟೆ ಬತ್ತಿಸಿ, ಔಷಧಿ ಸಿಂಪಡಿಸಿದರೆ ಹಕ್ಕಿ ಉಳಿಯುವುದೆಲ್ಲಿ?

ಮಣ್ಣಿನ ಕೊಚ್ಚಣೆ ತಡೆಯಲು ಅಮೆರಿಕ ಸರ್ಕಾರ 1985ರಲ್ಲಿ ಒಂದು ಯೋಜನೆ ತಂದಿತು. ರೈತ 10ರಿಂದ 15 ವರ್ಷ ಹುಲ್ಲು ಬಿಟ್ಟರೆ ವರ್ಷ ವರ್ಷವೂ ಬಾಡಿಗೆ ಸಿಗುತ್ತದೆ. 2007ರಲ್ಲಿ ಇಂಥ ಭೂಮಿ ದೇಶದಲ್ಲಿ 3 ಕೋಟಿ 60 ಲಕ್ಷ ಎಕರೆ ದಾಟಿತ್ತು. ಆಮೇಲೆ ಮುಸುಕಿನ ಜೋಳದ ಬೆಲೆ ಏರಿತು. ಮುಂದಿನ ವರ್ಷಗಳಲ್ಲಿ 1 ಕೋಟಿಗೂ ಹೆಚ್ಚು ಎಕರೆ ಯೋಜನೆಯಿಂದ ಹೊರಬಿತ್ತು. ಜೋಳದ ಹಣ ಈ ವರ್ಷವೇ ಕೈಗೆ ಬರುತ್ತದೆ. ಹೋದ ಹಕ್ಕಿ ಬೇಗ ಮರಳುವುದಿಲ್ಲ. ಇದೇ ಅಲ್ಲಿಯ ಕುಟುಂಬಗಳ ಇಕ್ಕಟ್ಟು.

ನಮಗೇನು ಪಾಠ?

ಬಂದೂಕಿನ ಮಾತು ನಮಗೆ ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ನವಿಲು, ಕಾಡುಕೋಳಿ, ಕಾಡುಬಾತುಗಳ ಬೇಟೆ ಅಪರಾಧ. ನವಿಲಿನಿಂದ ಬೆಳೆಹಾನಿ ಉಂಡ ರೈತರಿಗೆ ಹಕ್ಕಿ ಹಣ ತರುತ್ತದೆಂದರೆ ನಗು ಬಂದೀತು. ಆದರೂ ಬದುವಿನ ಹುಲ್ಲು ಮಣ್ಣನ್ನು ಹಿಡಿಯುತ್ತದೆ, ದನಕ್ಕೆ ಮೇವಾಗುತ್ತದೆ; ಹುಳು ತಿನ್ನುವ ಹಕ್ಕಿಗೂ ಅದೇ ಮನೆ. ಬದುವನ್ನು ಸುಡಬೇಡಿ. ಹುಲ್ಲು ಕೊಯ್ಯುವಾಗ ನಡುವಿನಿಂದ ಅಂಚಿನ ಕಡೆಗೆ ಕೊಯ್ಯಿರಿ. ಮರಿಗಳು ಓಡಿ ಪಾರಾಗಲು ದಾರಿ ಸಿಗುತ್ತದೆ. ಇದಕ್ಕೆ ಖರ್ಚೇನೂ ಇಲ್ಲ.