ಎಸ್‌ಎನ್‌ಎಂಪಿ ಹ್ಯಾಂಡ್ಲರ್ ನೋಂದಣಿ

ಎಸ್‌ಎನ್‌ಎಂಪಿ ಹ್ಯಾಂಡ್ಲರ್ ನೋಂದಣಿ ಎಂದರೆ ಯಾವ ಕೋರಿಕೆಗೆ ತಂತ್ರಾಂಶದ ಯಾವ ಭಾಗವು ಉತ್ತರಿಸಬೇಕೆಂದು ಜಾಲ ನಿರ್ವಹಣಾ ಏಜೆಂಟ್‌ಗೆ ಮುಂಚಿತವಾಗಿ ತಿಳಿಸುವ ಕ್ರಮ. ಉತ್ತರಿಸುವ ಆ ಭಾಗವೇ ಹ್ಯಾಂಡ್ಲರ್. ರೂಟರ್, ಸರ್ವರ್ ಮೊದಲಾದ ಸಾಧನಗಳಲ್ಲಿರುವ ಏಜೆಂಟ್ ಸಾಮಾನ್ಯವಾಗಿ ಯುಡಿಪಿ 161ನೇ ಪೋರ್ಟ್‌ನಲ್ಲಿ ಕೋರಿಕೆಗಳನ್ನು ಸ್ವೀಕರಿಸುತ್ತದೆ.

ಪ್ರತಿಯೊಂದು ಮಾಹಿತಿಗೂ ಒಐಡಿ ಎಂಬ ಅಂಕಿಸರಣಿಯ ಗುರುತಿದ್ದು, ಇವೆಲ್ಲವೂ ಮರದ ಕೊಂಬೆಗಳಂತೆ ಜೋಡಣೆಗೊಂಡಿವೆ. ಉದಾಹರಣೆಗೆ, 1.3.6.1.2.1.1 ಶಾಖೆಯಲ್ಲಿ ಸಾಧನದ ಹೆಸರು, ವಿವರಣೆ ಮುಂತಾದವು ಇರುತ್ತವೆ. ಹ್ಯಾಂಡ್ಲರ್ ತನಗೆ ಸಂಬಂಧಿಸಿದ ಶಾಖೆಯನ್ನು ನೋಂದಾಯಿಸಿಕೊಳ್ಳುತ್ತದೆ.

2000ದಲ್ಲಿ ಪ್ರಕಟವಾದ ಏಜೆಂಟ್‌ಎಕ್ಸ್ ನಿಯಮದ (ಆರ್‌ಎಫ್‌ಸಿ 2741) ಪ್ರಕಾರ, ಒಂದೇ ಶಾಖೆಯನ್ನು ಇಬ್ಬರು ಕೋರಿದರೆ ಆದ್ಯತಾ ಸಂಖ್ಯೆ ಕಡಿಮೆಯಿರುವವರಿಗೆ ಮನ್ನಣೆ. ಸಂಖ್ಯೆಯೂ ಸಮವಾಗಿದ್ದರೆ ಎರಡನೆಯ ನೋಂದಣಿ ತಿರಸ್ಕೃತವಾಗುತ್ತದೆ. ನೋಂದಣಿಯೇ ಆಗದಿದ್ದರೆ, ಸಾಧನವು ಸುಸ್ಥಿತಿಯಲ್ಲಿದ್ದರೂ ಆ ಮಾಹಿತಿಯನ್ನು ಕೇಳಿದವರಿಗೆ ‘ಅಂತಹ ವಸ್ತುವಿಲ್ಲ’ ಎಂಬರ್ಥದ ಉತ್ತರವೇ ಬರುತ್ತದೆ.