ಹೆಸರಿಲ್ಲದ ಮುಖಗಳ ಮುಂದೆ ಒಂದು ದೀಪ

ಅಟ್ಟ ಗುಡಿಸುವಾಗ ಹಳೆಯ ಭಾವಚಿತ್ರಗಳ ಡಬ್ಬಿಯೊಂದು ಸಿಗದ ಮನೆ ಅಪರೂಪ. ತೆರೆದು ನೋಡಿದರೆ ಅರ್ಧದಷ್ಟು ಮುಖಗಳ ಗುರುತು ಮನೆಯವರಿಗೇ ಇರುವುದಿಲ್ಲ. ಎಸೆಯಲು ಕೈ ಬಾರದು, ಇಟ್ಟುಕೊಳ್ಳಲು ಕಾರಣವೂ ತೋರದು. ಕೊನೆಗೊಂದು ದಿನ ಚೌಕಟ್ಟಿನ ಆಸೆಗೆ ಗುಜರಿಯವನು ಕೊಂಡೊಯ್ಯುತ್ತಾನೆ. ಹೀಗೆ ಅನಾಥವಾದ ಚಿತ್ರಗಳನ್ನು ಆಯ್ದು ಹೊಸ ಕಲಾಕೃತಿ ರಚಿಸುವ ಪದ್ಧತಿ ಪಾಶ್ಚಾತ್ಯ ಕಲಾಲೋಕದಲ್ಲಿ ಬಹುಕಾಲದಿಂದ ನಡೆದುಬಂದಿದೆ. ಕೆಲವರು ಕತ್ತರಿಸಿ ಜೋಡಿಸುತ್ತಾರೆ, ಕೆಲವರು ಮೇಲೆ ಬಣ್ಣ ಹಚ್ಚುತ್ತಾರೆ. ಅವುಗಳಲ್ಲಿ ಎಷ್ಟೋ ಕೃತಿಗಳು ನಮಗೆ ಬರಿಯ ಚಮತ್ಕಾರವೆಂದೇ ತೋರಿವೆ. ಆದರೆ ಫ್ರಾನ್ಸಿನ ಕ್ರಿಸ್ಟಿಯಾನ್ ಬೋಲ್ತಾನ್ಸ್ಕಿಯವರ ಕೃತಿಗಳನ್ನು ಹಾಗೆ ತಳ್ಳಿಹಾಕಲಾಗದು.

ಅವರು 1944ರಲ್ಲಿ ಪ್ಯಾರಿಸ್ಸಿನಲ್ಲಿ ಜನಿಸಿ 2021ರಲ್ಲಿ ತೀರಿಕೊಂಡರು. ತಾಯಿ ಕಥೋಲಿಕರು, ತಂದೆ ಯೆಹೂದ್ಯ ಮೂಲದವರು. ನಾತ್ಸಿಗಳು ನಗರವನ್ನು ಆಕ್ರಮಿಸಿದ್ದಾಗ ತಂದೆ ಸ್ವಂತ ಮನೆಯ ನೆಲಹಲಗೆಗಳ ಕೆಳಗೆ ಅಡಗಿ ಜೀವ ಉಳಿಸಿಕೊಂಡಿದ್ದರು.

1986ರಿಂದ 1988ರ ಅವಧಿಯಲ್ಲಿ ಬೋಲ್ತಾನ್ಸ್ಕಿ ಒಂದು ಹಳೆಯ ಗುಂಪುಚಿತ್ರವನ್ನು ಕೈಗೆತ್ತಿಕೊಂಡರು. ಅದು ವಿಯೆನ್ನಾದ ಯೆಹೂದ್ಯ ಪ್ರೌಢಶಾಲೆಯೊಂದರ 1931ರ ಅಂತಿಮ ತರಗತಿಯ ಚಿತ್ರ. ಅದಾದ ಏಳನೆಯ ವರ್ಷಕ್ಕೆ ಆಸ್ಟ್ರಿಯವು ಹಿಟ್ಲರನ ವಶವಾಯಿತು. ಕಲಾವಿದರು ಒಂದೊಂದೇ ಮುಖವನ್ನು ಬೇರ್ಪಡಿಸಿ, ಮರಳಿ ಛಾಯಾಚಿತ್ರ ತೆಗೆದು ಹಿಗ್ಗಿಸಿದರು. ಹಿಗ್ಗಿದಂತೆಲ್ಲ ರೂಪರೇಖೆ ಕದಡಿತು. ಕಣ್ಣುಗಳು ಕಪ್ಪು ಗುಳಿಗಳಾದವು. ಕೆಳಗೆ ತುಕ್ಕು ಹಿಡಿದ ತಗಡಿನ ಬಿಸ್ಕತ್ತು ಡಬ್ಬಿಗಳ ಸಾಲು, ಮೇಲೆ ಪ್ರತಿ ಮುಖಕ್ಕೆ ಒಂದು ವಿದ್ಯುದ್ದೀಪ. ಈ ರಚನೆಗೆ ಅವರು ಕೊಟ್ಟ ಹೆಸರು 'ಪೀಠ'. ದೇವಾಲಯದ ಮೇಣದ ಬತ್ತಿಯನ್ನು ನೆನಪಿಸುವ ಆ ದೀಪವೇ ಪೊಲೀಸ್ ವಿಚಾರಣೆಯ ದೀಪದಂತೆಯೂ ಕಾಣುತ್ತದೆ. ಬೆಳಗಿಸುತ್ತ ಬೆಳಗಿಸುತ್ತಲೇ ಅದು ನೋಟಕ್ಕೆ ಅಡ್ಡ ಬರುತ್ತದೆ. ಅವರಲ್ಲಿ ಯಾರು ಉಳಿದರು, ಯಾರು ಅಳಿದರು ಎಂಬುದನ್ನು ಕೃತಿ ಹೇಳುವುದಿಲ್ಲ.

1990ರ ಸುಮಾರಿಗೆ ಅವರು ಸ್ವಿಸ್ ಪತ್ರಿಕೆಯೊಂದರ ನಿಧನವಾರ್ತೆಗಳ ಭಾವಚಿತ್ರಗಳನ್ನು ಹೀಗೆಯೇ ಹಿಗ್ಗಿಸಿ ಸಾಲಾಗಿ ನಿಲ್ಲಿಸಿದರು. ಸ್ವಿಸ್ ಜನರೇ ಏಕೆ? ಅವರಿಗೆ ಸಾಯಲು ಚರಿತ್ರೆಯ ಕಾರಣವೇನೂ ಇಲ್ಲ, ಆದುದರಿಂದ ಅವರು ಯಾರು ಬೇಕಾದರೂ ಆಗಬಹುದು ಎಂಬುದು ಅವರ ವಿವರಣೆ. ನಮ್ಮ ಪತ್ರಿಕೆಗಳ ಶ್ರದ್ಧಾಂಜಲಿ ಪುಟವನ್ನು ದಿನವೂ ಮೊದಲು ತೆರೆಯುವ ಓದುಗರಿಗೆ ಈ ಮಾತು ಬಿಡಿಸಿ ಹೇಳಬೇಕಾಗಿಲ್ಲ.

ನಾವು ತಡವರಿಸುವುದು ಇನ್ನೊಂದು ಕೃತಿಯ ಮುಂದೆ. ಅಪರಾಧ ಸುದ್ದಿಗಳ ಫ್ರೆಂಚ್ ವಾರಪತ್ರಿಕೆಯೊಂದರಿಂದ ಆಯ್ದ ಚಿತ್ರಗಳಲ್ಲಿ ಕೊಂದವರನ್ನೂ ಕೊಲೆಯಾದವರನ್ನೂ ಅವರು ಗುರುತುಪಟ್ಟಿಯಿಲ್ಲದೆ ಬೆರೆಸಿಬಿಟ್ಟರು. ಮುಖ ನೋಡಿ ಯಾರು ಯಾರೆಂದು ಹೇಳುವುದು ಅಸಾಧ್ಯ. ಪಾಪನಿವೇದನೆ ಕೇಳುವ ಗುರುಗಳಿಗೆ ಇದು ಹೊಸ ವಿಷಯವಲ್ಲ. ಆದರೂ ಕೊಲೆಯಾದವಳ ತಾಯಿ ಆ ಕೋಣೆಗೆ ಬಂದರೆ? ಮನುಷ್ಯನನ್ನು ಎಂದೂ ಬರಿಯ ಸಾಧನವಾಗಿ ಬಳಸಬಾರದೆಂದು ದಾರ್ಶನಿಕ ಕಾಂಟ್ ವಿಧಿಸಿದ್ದು ಬದುಕಿರುವವರಿಗೆ ಮಾತ್ರವೇ? ಇದೇ ಫ್ರಾನ್ಸಿನ ರೋಲಾಂ ಬಾರ್ತ್ 1980ರಲ್ಲಿ ಛಾಯಾಚಿತ್ರದ ಬಗ್ಗೆ ಬರೆದ ಗ್ರಂಥದಲ್ಲಿ ತಮ್ಮ ತಾಯಿಯ ಬಾಲ್ಯದ ಚಿತ್ರವೊಂದನ್ನು ಪುಟಗಟ್ಟಲೆ ಚಿಂತಿಸಿದರು. ಚಿತ್ರವನ್ನು ಮಾತ್ರ ಅಚ್ಚು ಮಾಡಿಸಲಿಲ್ಲ. ಪ್ರೀತಿಸಿದವರ ಹಿಂಜರಿಕೆ ಅದು. ಅಪರಿಚಿತರ ಚಿತ್ರಕ್ಕೆ ಹಾಗೆ ಹಿಂಜರಿಯುವವರು ಯಾರೂ ಇರುವುದಿಲ್ಲ. ಬೋಲ್ತಾನ್ಸ್ಕಿ ಆ ಮುಖಗಳಿಗೆ ದೀಪ ಕೊಟ್ಟರು, ಹೆಸರನ್ನು ಹಿಂದಿರುಗಿಸಲಿಲ್ಲ. ಅವರನ್ನು ದೂರುವುದು ನಮ್ಮ ಉದ್ದೇಶವಲ್ಲ. ಗುಜರಿಯವನಿಗೆ ಕೊಟ್ಟವರು ದೀಪವನ್ನೂ ಇಟ್ಟವರಲ್ಲ.

ನಮ್ಮ ದೇವಾಲಯದ ದಾಖಲೆ ಪುಸ್ತಕಗಳಲ್ಲಿ ಜ್ಞಾನಸ್ನಾನ ಪಡೆದವರ, ಮಣ್ಣಾದವರ ಹೆಸರುಗಳಿವೆ, ಮುಖಗಳಿಲ್ಲ. ಅದೇ ಕಪಾಟಿನ ತಳದಲ್ಲಿ ಈಚೆಗೆ ಪ್ರಥಮ ಪರಮಪ್ರಸಾದದ ಹಳೆಯ ಗುಂಪುಚಿತ್ರವೊಂದು ದೊರೆಯಿತು. ಗೆದ್ದಲು ಅಂಚನ್ನು ತಿಂದಿತ್ತು, ಹಿಂಬದಿ ಖಾಲಿಯಾಗಿತ್ತು. ನವೆಂಬರ್ 2ರ ಸಕಲ ಮೃತರ ದಿನಕ್ಕೆ ಮೊದಲು ಅದನ್ನು ದೇವಾಲಯದ ಮುಖಮಂಟಪದಲ್ಲಿರಿಸಿ, ಪಕ್ಕದಲ್ಲಿ ಒಂದು ಹಾಳೆಯನ್ನೂ ಪೆನ್ಸಿಲನ್ನೂ ಇಟ್ಟೆವು. ಬಲಿಪೂಜೆ ಮುಗಿಸಿ ಬಂದ ಹಿರಿಯರು ಕನ್ನಡಕ ಸರಿಪಡಿಸಿಕೊಳ್ಳುತ್ತ ಸುತ್ತುವರಿದರು. ಒಬ್ಬ ಬಾಲಕನಿಗೆ ಇಬ್ಬರು ಓರಗಿತ್ತಿಯರು ಎರಡು ಹೆಸರು ಬರೆದು, ಇನ್ನೂ ರಾಜಿಯಾಗಿಲ್ಲ. ಎರಡನೆಯ ಸಾಲಿನ ಎಡತುದಿಯಲ್ಲಿ, ಮುಸುಕು ತುಸು ಓರೆಯಾಗಿರುವ ಬಾಲಕಿಯನ್ನು ಈವರೆಗೆ ಯಾರೂ ಗುರುತಿಸಿಲ್ಲ. ಹಾಳೆಯೂ ಪೆನ್ಸಿಲೂ ಅಲ್ಲಿಯೇ ಇವೆ.