ನಿಮಗಿದು ಗೊತ್ತೇ? ರಷ್ಯಾದ ಸಿಂಹಾಸನದಲ್ಲಿ ಮುಂದಿನ ಸರದಿ ಯಾರದು?

1682ರಲ್ಲಿ ರಷ್ಯಾಕ್ಕೆ ಒಟ್ಟಿಗೇ ಇಬ್ಬರು ಝಾರ್‌ಗಳಿದ್ದರು! 15 ವರ್ಷದ ಐದನೇ ಇವಾನ್, 10 ವರ್ಷದ ಪೀಟರ್. ತಂದೆ ಒಬ್ಬನೇ, ತಾಯಂದಿರು ಬೇರೆ ಬೇರೆ. ಅವರಿಗಾಗಿ ಮಾಡಿಸಿದ ಜೋಡಿ ಸಿಂಹಾಸನ ಮಾಸ್ಕೋದ ಕ್ರೆಮ್ಲಿನ್‌ನಲ್ಲಿ ಇಂದಿಗೂ ಇದೆ. ಅದರ ಬೆನ್ನಿನಲ್ಲೊಂದು ಕಿಂಡಿ. ಹುಡುಗರು ಏನು ಮಾತಾಡಬೇಕೆಂಬುದನ್ನು ಹಿಂದೆ ಕುಳಿತವರು ಅಲ್ಲಿಂದಲೇ ಹೇಳಿಕೊಡುತ್ತಿದ್ದರಂತೆ. 1689ರವರೆಗೆ ನಿಜವಾಗಿ ಆಳಿದವಳು ಅಕ್ಕ ಸೋಫಿಯಾ.

ಆ ಹತ್ತು ವರ್ಷದ ಹುಡುಗನೇ ಮುಂದೆ ಮಹಾ ಪೀಟರ್ ಎನಿಸಿಕೊಂಡ. ಸ್ವೀಡನ್ನನ್ನು ಸೋಲಿಸಿ 1721ರಲ್ಲಿ ಚಕ್ರವರ್ತಿ ಪದವಿ ಧರಿಸಿದ. ಗಡ್ಡ ಬಿಟ್ಟವರಿಗೂ ತೆರಿಗೆ ಹಾಕಿದ. ಕಟ್ಟಿದವರಿಗೆ ರಸೀದಿಯಾಗಿ ಲೋಹದ ಬಿಲ್ಲೆ ಸಿಗುತ್ತಿತ್ತು.

ಪೀಟರನ ಮಗ ಅಲೆಕ್ಸಿ 1718ರಲ್ಲಿ ರಾಜದ್ರೋಹದ ಆರೋಪ ಹೊತ್ತು, ಚಿತ್ರಹಿಂಸೆ ಉಂಡು, ಅಪ್ಪನ ಸೆರೆಯಲ್ಲೇ ಸತ್ತ. 1722ರಲ್ಲಿ ಹೊಸ ಕಾನೂನು ಬಂತು: ಹಿರಿಮಗನಿಗೆ ಹಕ್ಕೇನೂ ಇಲ್ಲ, ಉತ್ತರಾಧಿಕಾರಿ ಯಾರೆಂದು ಆಳುವವರೇ ಹೇಳಬೇಕು. 1725ರಲ್ಲಿ ಪೀಟರ್ ಯಾರ ಹೆಸರನ್ನೂ ಹೇಳದೆ ಕಣ್ಣುಮುಚ್ಚಿದ. ಮುಂದಿನ ಮುಕ್ಕಾಲು ಶತಮಾನದ ಅರಮನೆ ರಂಪಗಳಿಗೆಲ್ಲ ಈ ಕಾನೂನೇ ಬೇರು ಎಂದು ನನಗನಿಸುತ್ತದೆ.

ಪೀಟರನ ನಂತರ ಪಟ್ಟಕ್ಕೇರಿದ ಅವನ ಹೆಂಡತಿ ಮೊದಲನೇ ಕ್ಯಾಥರೀನ್‌ಳ ಮೊದಲ ಹೆಸರು ಮಾರ್ತಾ. ಲಿವೋನಿಯಾದ ಪಾದ್ರಿಯೊಬ್ಬರ ಮನೆಗೆಲಸದಲ್ಲಿದ್ದ ಅನಾಥೆ, 1702ರಲ್ಲಿ ರಷ್ಯಾ ಸೇನೆಗೆ ಸೆರೆ ಸಿಕ್ಕವಳು.

ಅವಳ ನಂತರ ಪಟ್ಟಕ್ಕೆ ಬಂದ ಅಲೆಕ್ಸಿಯ ಮಗ ಎರಡನೇ ಪೀಟರ್ 14ನೇ ವಯಸ್ಸಿಗೇ ಸಿಡುಬಿಗೆ ಬಲಿಯಾದ. 1730ರ ಜನವರಿಯಲ್ಲಿ ಅವನು ತೀರಿಕೊಂಡದ್ದು ಮದುವೆಗೆಂದು ಗೊತ್ತುಮಾಡಿದ್ದ ದಿನದಂದೇ! ಇದೇ ಸಿಡುಬನ್ನು ತಡೆಯಲು 1768ರಲ್ಲಿ ಎರಡನೇ ಕ್ಯಾಥರೀನ್ ಇಂಗ್ಲೆಂಡಿನಿಂದ ವೈದ್ಯ ಥಾಮಸ್ ಡಿಮ್ಸ್‌ಡೇಲ್‌ನನ್ನು ಕರೆಸಿ, ರೋಗಿಯ ಬೊಕ್ಕೆಯ ಕೀವನ್ನು ತನ್ನ ತೋಳಿಗೇ ಹಾಕಿಸಿಕೊಂಡಳು. ಜೆನ್ನರನ ಲಸಿಕೆ ಬರಲು ಇನ್ನೂ ಮೂರು ದಶಕವಿತ್ತು. ಜೀವಕ್ಕೆ ಅಪಾಯವಿದ್ದ ವಿಧಾನವಿದು. ಎಡವಟ್ಟಾದರೆ ವೈದ್ಯ ಪಾರಾಗಲೆಂದು ದಾರಿಯುದ್ದಕ್ಕೂ ಕುದುರೆಗಳನ್ನು ಸಿದ್ಧವಾಗಿಡಲಾಗಿತ್ತಂತೆ. ರಾಣಿ ಚೇತರಿಸಿಕೊಂಡಳು, ಮಗ ಪಾಲ್‌ಗೂ ಹಾಕಿಸಿದಳು. ಅವಳ ಯುದ್ಧವಿಜಯಗಳಿಗಿಂತ ಈ ಧೈರ್ಯವೇ ನನಗೆ ದೊಡ್ಡದು.

ಇಡೀ ರೊಮಾನೋವ್ ವಂಶಾವಳಿಯಲ್ಲಿ ಕರುಳು ಕಿವುಚುವುದು ಆರನೇ ಇವಾನನ ಕಥೆ. 1740ರಲ್ಲಿ ಚಕ್ರವರ್ತಿಯಾದಾಗ ಅವನು ಎರಡು ತಿಂಗಳ ಕೂಸು. ಮರುವರ್ಷ ಮಹಾ ಪೀಟರನ ಮಗಳು ಎಲಿಜಬೆತ್ ಸೈನಿಕರ ಬಲದಿಂದ ಒಂದೇ ರಾತ್ರಿಯಲ್ಲಿ ಸಿಂಹಾಸನ ಕಿತ್ತುಕೊಂಡಳು. ಮಗುವಿನ ಮುಖವಿದ್ದ ನಾಣ್ಯಗಳನ್ನು ಹಿಂದಕ್ಕೆ ಪಡೆದು ಕರಗಿಸಲಾಯಿತು, ಕಾಗದಪತ್ರಗಳಿಂದ ಹೆಸರನ್ನೇ ಅಳಿಸಲಾಯಿತು. ಉತ್ತರದ ಖೊಲ್ಮೊಗೊರಿಯಲ್ಲಿ ತಂದೆತಾಯಿಯಿಂದ ಬೇರ್ಪಡಿಸಿ ಇಟ್ಟು, 1756ರಲ್ಲಿ ಶ್ಲಿಸೆಲ್ಬರ್ಗ್ ಕೋಟೆಗೆ ಒಯ್ದರು. ಯಾರಾದರೂ ಬಿಡಿಸಲು ಬಂದರೆ ಕೈದಿಯನ್ನು ಕೊಂದುಬಿಡಿ ಎಂದು ಕಾವಲುಗಾರರಿಗೆ ಅಪ್ಪಣೆಯಿತ್ತು. 1764ರಲ್ಲಿ ಮಿರೋವಿಚ್ ಎಂಬ ಅಧಿಕಾರಿ ಬಿಡಿಸಲು ಬಂದೇ ಬಂದ. ಅವನ ಕೈಗೆ ಸಿಕ್ಕಿದ್ದು ಹೆಣ. ಇವಾನನಿಗೆ ಆಗ 23 ವರ್ಷ. ಅವನ ಒಡಹುಟ್ಟಿದವರು ಬಿಡುಗಡೆಯಾಗಿ ಡೆನ್ಮಾರ್ಕಿಗೆ ಹೋದದ್ದು 1780ರಲ್ಲಿ.

1725ರಿಂದ 1796ರವರೆಗಿನ 71 ವರ್ಷಗಳಲ್ಲಿ ಸುಮಾರು 67 ವರ್ಷ ರಷ್ಯಾವನ್ನು ಆಳಿದವರು ಹೆಂಗಸರು! ಮೊದಲನೇ ಕ್ಯಾಥರೀನ್, ಐದನೇ ಇವಾನನ ಮಗಳು ಅನ್ನಾ, ಎಲಿಜಬೆತ್, ಎರಡನೇ ಕ್ಯಾಥರೀನ್. ಕೊನೆಯವಳದೇ 34 ವರ್ಷ. ಜರ್ಮನಿಯ ಪುಟ್ಟ ಸಂಸ್ಥಾನದಿಂದ ಸೊಸೆಯಾಗಿ ಬಂದ ಅವಳ ಮೈಯಲ್ಲಿ ರೊಮಾನೋವ್ ರಕ್ತವೇ ಇರಲಿಲ್ಲ. ಗಂಡ ಮೂರನೇ ಪೀಟರನನ್ನು ಆರೇ ತಿಂಗಳಿಗೆ ಕೆಳಗಿಳಿಸಿ ಪಟ್ಟಕ್ಕೆ ಬಂದವಳು.

ಮಗ ಪಾಲ್ 1796ರಲ್ಲಿ ಅಧಿಕಾರಕ್ಕೆ ಬಂದವನೇ, 34 ವರ್ಷ ಮಣ್ಣಲ್ಲಿದ್ದ ತಂದೆಯ ಅವಶೇಷ ಹೊರತೆಗೆಸಿ ಕಿರೀಟ ತೊಡಿಸಿ, ಕ್ಯಾಥರೀನ್‌ಳ ಪಕ್ಕದಲ್ಲೇ ಹೂಳಿಸಿದ. 1797ರ ಅವನ ಕಾನೂನಿನ ಪ್ರಕಾರ ಪಟ್ಟ ಹಿರಿಮಗನಿಗೆ. ವಂಶದ ಗಂಡಸರೆಲ್ಲ ಮುಗಿದರಷ್ಟೇ ಹೆಣ್ಣಿಗೆ. ಆಮೇಲೆ ಒಬ್ಬ ಹೆಣ್ಣೂ ರಷ್ಯಾವನ್ನು ಆಳಲಿಲ್ಲ.

ಇದೇ ಪಾಲ್ 1801ರಲ್ಲಿ ಸುಮಾರು 22,000 ಕೊಸಾಕ್ ಸವಾರರನ್ನು ಭಾರತದತ್ತ ಹೊರಡಿಸಿದ್ದ! ಈಸ್ಟ್ ಇಂಡಿಯಾ ಕಂಪನಿಯನ್ನು ಹೊಡೆದೋಡಿಸುವುದು ಗುರಿ. ಶ್ರೀರಂಗಪಟ್ಟಣ ಬಿದ್ದು ಆಗಿನ್ನೂ ಎರಡು ವರ್ಷ ತುಂಬಿರಲಿಲ್ಲ. ಮಾರ್ಚಿನಲ್ಲಿ ಪಾಲ್ ತನ್ನ ಅರಮನೆಯಲ್ಲೇ ಕೊಲೆಯಾದ; ಮಗ ಅಲೆಕ್ಸಾಂಡರ್ ದಂಡನ್ನು ವಾಪಸ್ ಕರೆಸಿದ.

1825ರಲ್ಲಿ ಅಲೆಕ್ಸಾಂಡರ್ ತೀರಿಕೊಂಡಾಗ ಸೇನೆ ಅವನ ತಮ್ಮ ಕಾನ್‌ಸ್ಟಾಂಟಿನ್‌ಗೆ ನಿಷ್ಠೆಯ ಪ್ರಮಾಣ ಮಾಡಿತು. ಅವನ ಮುಖದ ರೂಬಲ್ ನಾಣ್ಯಗಳ ಮಾದರಿಯೂ ತಯಾರಾಯಿತು. ಆದರೆ ಅವನು ಗುಟ್ಟಾಗಿ ಹಕ್ಕು ಬಿಟ್ಟುಕೊಟ್ಟು ನಾಲ್ಕು ವರ್ಷವಾಗುತ್ತ ಬಂದಿತ್ತು! ಆ ಗೊಂದಲದಲ್ಲೇ ಡಿಸೆಂಬರ್ ದಂಗೆ ಎದ್ದಿತು. ಪಟ್ಟ ಇನ್ನೊಬ್ಬ ತಮ್ಮ ನಿಕೋಲಸ್‌ಗೆ ದಕ್ಕಿತು.

ನಿಕೋಲಸನ ಮಗ ಎರಡನೇ ಅಲೆಕ್ಸಾಂಡರ್ 1861ರಲ್ಲಿ ಎರಡು ಕೋಟಿಗೂ ಹೆಚ್ಚು ಜೀತದ ರೈತರನ್ನು ಬಿಡುಗಡೆ ಮಾಡಿದ, 1867ರಲ್ಲಿ ಅಲಾಸ್ಕಾವನ್ನು 72 ಲಕ್ಷ ಡಾಲರಿಗೆ ಅಮೆರಿಕಕ್ಕೆ ಮಾರಿದ, 1881ರಲ್ಲಿ ಬಾಂಬಿಗೆ ಬಲಿಯಾದ.

1917ರ ಮಾರ್ಚಿನಲ್ಲಿ ಎರಡನೇ ನಿಕೋಲಸ್ ತನ್ನ ಹಕ್ಕಿನ ಜೊತೆಗೆ ಕಾಯಿಲೆಯ ಮಗ ಅಲೆಕ್ಸಿಯ ಹಕ್ಕನ್ನೂ ಬಿಟ್ಟುಕೊಟ್ಟ. ಮಗನ ಪರವಾಗಿ ಹಾಗೆ ಬಿಡಲು ಪಾಲ್‌ನ ಕಾನೂನಿನಲ್ಲಿ ಅವಕಾಶವೇ ಇರಲಿಲ್ಲ. ಪಟ್ಟ ತಮ್ಮ ಮಿಖಾಯಿಲ್‌ನ ಪಾಲಿಗೆ ಬಂತು. ಜನರ ಸಂವಿಧಾನ ಸಭೆ ಕೇಳಿಕೊಂಡರೆ ಮಾತ್ರ ಒಪ್ಪುವೆನೆಂದು ಅವನು ಮರುದಿನವೇ ಸಹಿ ಹಾಕಿದ.